ಕಲ್ಲಿನ ಅಡಿಯ ಜಾಗಕ್ಕೆ ‘ಸೂಕ್ಷ್ಮ ಪರಿಸರ’ ಅನ್ನಬಹುದಾ? ಬೇರೆ ಪದ ಇದೆಯಾ?

ಕಲ್ಲೆತ್ತಿ_ನೋಡಿ:

ಎಲ್ಲರಿಗೂ ನಮಸ್ಕಾರ. ಹತ್ತು ಹನ್ನೊಂದು ವರ್ಷದ ಮಕ್ಕಳಿಗಾಗಿ ಒಂದು ಸಣ್ಣ ಲೇಖನ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ನೆಲದ ಮೇಲೆ ಸುಮ್ನೆ ಬಿದ್ದಿರುವ ಒಂದು ಕಲ್ಲನ್ನು ಎತ್ತಿದರೆ ಅಡಿಯಲ್ಲಿ ಏನೇನು ಇರುತ್ತದೆ. ಎರೆಹುಳ, ಜರಿ, ಇರುವೆ, ಮುಟ್ಟಿದರೆ ಉಂಡೆಯಾಗಿ ಸುತ್ತಿಕೊಳ್ಳುವ ಆ ಬೂದು ಹುಳ, ಬಿಳಿ ಬೂಸ್ಟಿನ ಎಳೆಗಳು. ಕಲ್ಲಿನ ಮೇಲೆ ಬಿಸಿಲು ಸುಡುತ್ತಿರುತ್ತದೆ, ಅಡಿಯಲ್ಲಿ ತಂಪು, ಕತ್ತಲೆ, ಪಸೆ. ಅಂಗೈಯಗಲದ ಜಾಗ ಅಷ್ಟೆ, ಆದರೆ ಅದರದ್ದೇ ಒಂದು ಲೋಕ.

ಈ ‘ಅದರದ್ದೇ ಒಂದು ಲೋಕ’ ಅನ್ನುವುದಕ್ಕೆ ಒಂದು ಪದ ಬೇಕಿತ್ತು. ಇಂಗ್ಲಿಷಿನಲ್ಲಿ ಮೈಕ್ರೋಎನ್ವಿರಾನ್‌ಮೆಂಟ್, ಮೈಕ್ರೋಹ್ಯಾಬಿಟಾಟ್ ಅಂತೆಲ್ಲ ಇದೆ. ನಾನು ಜಾಸ್ತಿ ಯೋಚಿಸದೆ ‘ಸೂಕ್ಷ್ಮ ಪರಿಸರ’ ಅಂತ ಬರೆದೆ. ಕರಡು ಓದಿದ ಗೆಳತಿ ಕೇಳಿದ್ದೇನು ಗೊತ್ತಾ? ‘ಇದಕ್ಕೆ ಏನು ಅಪಾಯ ಬಂದಿದೆ? ಗಣಿಗಾರಿಕೆನಾ?’ ಅಂತ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಇನ್ನೊಂದು. ಅದೇ ಕರಡಿನಲ್ಲಿ ಸುತ್ತ, ಸುತ್ತಮುತ್ತ, ಅಕ್ಕಪಕ್ಕ, ಆಸುಪಾಸು ಇವನ್ನೆಲ್ಲ ಬೇಕೆಂದಂತೆ ಬಳಸಿಬಿಟ್ಟಿದ್ದೇನೆ, ಒಂದೇ ಪದ ಪದೇ ಪದೇ ಬರಬಾರದು ಅಂತ. ಈಗ ಓದಿದರೆ ಕೆಲವು ಕಡೆ ಏನೋ ಎಡವಟ್ಟು ಅನ್ನಿಸುತ್ತಿದೆ, ಆದರೆ ಎಲ್ಲಿ ತಪ್ಪಿದೆ ಅಂತ ಹೇಳಲು ಬರುತ್ತಿಲ್ಲ. ಇವುಗಳ ನಡುವೆ ನಿಜವಾಗಿ ವ್ಯತ್ಯಾಸ ಇದೆಯಾ, ಇಲ್ಲಾ ನನ್ನ ಭ್ರಮೆಯಾ?

ಹಳೆ_ನಿಘಂಟು:

ನಿಮ್ಮ ಗೆಳತಿ ಓದಿದ್ದು ಸರಿಯಾಗಿಯೇ ಇದೆ. ತಪ್ಪು ‘ಸೂಕ್ಷ್ಮ’ದ್ದು.

ಈ ಪದ ಕನ್ನಡದಲ್ಲಿ ಎರಡು ದೋಣಿಯ ಮೇಲೆ ಕಾಲಿಟ್ಟು ನಿಂತಿದೆ. ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ‘ಬಹಳ ಸಣ್ಣ’ ಎಂದು ಅರ್ಥ: ಸೂಕ್ಷ್ಮಜೀವಿ, ಸೂಕ್ಷ್ಮದರ್ಶಕ. ಪತ್ರಿಕೆಯಲ್ಲಿ ಅದಕ್ಕೆ ‘ಹುಷಾರಾಗಿ ಮುಟ್ಟಬೇಕಾದದ್ದು’ ಎಂದು ಅರ್ಥ: ಸೂಕ್ಷ್ಮ ವಿಚಾರ, ಸೂಕ್ಷ್ಮ ಮತಗಟ್ಟೆ, ಪರಿಸರ ಸೂಕ್ಷ್ಮ ಪ್ರದೇಶ. ಪರಿಸರ ಸೂಕ್ಷ್ಮ ಪ್ರದೇಶ ಅನ್ನುವ ಮಾತು ಸುದ್ದಿಯಲ್ಲಿ ಬಂದು ಬಂದು ಕಿವಿಗೆ ಕೂತುಬಿಟ್ಟಿದೆ. ಆ ಎರಡು ಪದ ಅಕ್ಕಪಕ್ಕ ಕಂಡ ಕೂಡಲೇ ಓದುಗರ ತಲೆಯಲ್ಲಿ ಕಾಡು, ಗಣಿ, ಕೋರ್ಟು ಎಲ್ಲ ಸಾಲಾಗಿ ಬರುತ್ತವೆ. ನೀವು ಪದಗಳ ಹಿಂದುಮುಂದು ಬದಲಿಸಿದ್ದೀರಿ ಅಷ್ಟೆ, ಅರ್ಥ ಬದಲಾಗಲಿಲ್ಲ.

‘ಪರಿಸರ’ದ ಕಥೆ ಇನ್ನೂ ಮಜವಾಗಿದೆ. ಸಂಸ್ಕೃತದಲ್ಲಿ ಅದಕ್ಕೆ ಅಂಚು, ಹತ್ತಿರದ ಜಾಗ ಅನ್ನುವ ಅರ್ಥ. ನದಿಯ ಪರಿಸರ ಅಂದರೆ ನದಿಯ ದಡದ ಜಾಗ. ಅಂದರೆ ಮೊದಲು ಇದು ಚಿಕ್ಕ ಜಾಗಕ್ಕೇ ಇದ್ದ ಪದ! ಹಿಂದಿಯಲ್ಲಿ ಇವತ್ತಿಗೂ ಪರಿಸರ್ ಅಂದರೆ ಕಾಂಪೌಂಡಿನ ಒಳಗಿನ ಜಾಗ, ನಾವು ‘ಆವರಣ’ ಅನ್ನುತ್ತೇವಲ್ಲ ಅದು. ಎನ್ವಿರಾನ್‌ಮೆಂಟ್‌ಗೆ ಅವರು ಪರ್ಯಾವರಣ್ ಅನ್ನುತ್ತಾರೆ, ತೆಲುಗಿನವರೂ ಪರ್ಯಾವರಣಂ ಅನ್ನುತ್ತಾರೆ. ಮಲಯಾಳದಲ್ಲಿ ಅದಕ್ಕೆ ಪರಿಸ್ಥಿತಿ! ‘ಪರಿಸ್ಥಿತಿ ದಿನ’ ಅಂತ ಮೊದಲ ಸಲ ಕೇಳಿದಾಗ ಯಾರ ಪರಿಸ್ಥಿತಿ ಏನಾಯಿತಪ್ಪಾ ಅಂದುಕೊಂಡಿದ್ದೆ. ತಮಿಳಿನ ಸುಟ್ರುಚ್ಚೂಳಲ್‌ನಲ್ಲಿ ಇರುವ ಸುಟ್ರು ನಮ್ಮ ಸುತ್ತುವಿನ ಒಡಹುಟ್ಟು. ಹೀಗೆ ಒಂದೇ ಗೋಡೌನಿನಿಂದ ಸಾಮಾನು ತೆಗೆದುಕೊಂಡು ಒಬ್ಬೊಬ್ಬರು ಒಂದೊಂದಕ್ಕೆ ಬಳಸಿದ್ದಾರೆ.

ಕನ್ನಡದಲ್ಲಿ ಪರಿಸರ ಈಗ ದೊಡ್ಡದಾಗಿಬಿಟ್ಟಿದೆ. ಪರಿಸರದ ಬಗ್ಗೆ ವಿಶ್ವಸಂಸ್ಥೆ ನಡೆಸಿದ 1972ರ ಸ್ಟಾಕ್‌ಹೋಮ್ ಸಮ್ಮೇಳನ, ಅದರ ಮರುವರ್ಷದಿಂದ ಜೂನ್ 5ರ ಪರಿಸರ ದಿನ, ಇವೆಲ್ಲ ಆದಮೇಲೆ ಆ ಪದದ ಮೇಲೆ ಹಸಿರು ಬಣ್ಣ ಬಳಿದಂತಾಗಿದೆ. ಪರಿಸರ ಅಂದರೆ ಮರ, ಪರಿಸರ ಅಂದರೆ ಉಳಿಸಬೇಕಾದದ್ದು. ಚರಂಡಿಯೊಳಗೂ ಒಂದು ಪರಿಸರ ಇದೆ ಅಂತ ಹೇಳಿನೋಡಿ, ಜನ ನಗುತ್ತಾರೆ. ಜೀವಶಾಸ್ತ್ರದವರಿಗೆ ಮಾತ್ರ ನಗು ಬರುವುದಿಲ್ಲ.

ಎರಡೇ_ಮಾತು:

ಕಿರುಪರಿಸರ ಅನ್ನಿ. ಕಿರುಚಿತ್ರ, ಕಿರುನಾಟಕ ಇದ್ದ ಹಾಗೆ. ಮುಗೀತು.

ಹಳೆ_ನಿಘಂಟು:

ಪದವೇನೋ ಚೆನ್ನಾಗಿದೆ, ಸೂಕ್ಷ್ಮದ ಗೊಂದಲವೂ ಇಲ್ಲ. ದೊಡ್ಡವರಿಗೆ ಬರೆಯುವ ಲೇಖನದಲ್ಲಿ ನಾನೂ ಬಳಸುತ್ತೇನೆ. ಆದರೆ ಹತ್ತು ವರ್ಷದ ಮಗು ‘ಕಿರುಪರಿಸರ’ ಓದಿ ತಲೆ ಎತ್ತಿ ಕೇಳುವುದು ‘ಹಂಗಂದ್ರೇನು?’ ಅಂತಲೇ.

ಬಯಾಲಜಿ_ಮೇಷ್ಟ್ರು:

ನಾನು ಪಾಠ ಮಾಡುವವನು, ಪದಗಳ ಪಂಡಿತ ಅಲ್ಲ. ಆದರೂ ಒಂದು ವಿಷಯ ಹೇಳಲೇಬೇಕು, ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನೀವು ಹುಡುಕುತ್ತಿರುವ ಪದ ಮೂರು ಬೇರೆ ಬೇರೆ ಸಂಗತಿಗೆ ಬೇಕಾಗಿದೆ. ಮೊದಲನೆಯದು ಹವೆ. ಹವಾಮಾನದವರು ಹೇಳುವ ಉಷ್ಣಾಂಶವನ್ನು ನೆರಳಿನಲ್ಲಿ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಇರುವೆ ಬದುಕುವುದು ಆ ಎತ್ತರದಲ್ಲಿ ಅಲ್ಲವಲ್ಲ. ನೆಲಕ್ಕೆ ಅಂಟಿದ ಗಾಳಿಯ ಪದರ ಹಗಲು ಜಾಸ್ತಿ ಕಾಯುತ್ತದೆ, ಮೋಡವಿಲ್ಲದ ರಾತ್ರಿ ಜಾಸ್ತಿ ತಣ್ಣಗಾಗುತ್ತದೆ. ರುಡಾಲ್ಫ್ ಗೈಗರ್ ಅನ್ನುವ ಜರ್ಮನ್ ವಿಜ್ಞಾನಿ 1927ರಲ್ಲಿ ಈ ನೆಲದಂಚಿನ ಗಾಳಿಯ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಇದನ್ನು ಪಾಠದಲ್ಲಿ ಸೂಕ್ಷ್ಮ ವಾಯುಗುಣ ಅಂತ ಹೇಳುತ್ತೇವೆ. ಅಂದಹಾಗೆ ವಾಯುಗುಣ, ಹವಾಮಾನ ಅನ್ನುವುದರಲ್ಲೂ ಗೋಜಲಿದೆ, ಪಠ್ಯದಲ್ಲಿ ಎರಡೂ ಬೇರೆ, ಪತ್ರಿಕೆಯಲ್ಲಿ ಎರಡಕ್ಕೂ ಹವಾಮಾನವೇ. ಅದು ಇನ್ನೊಂದು ದಿನಕ್ಕಿರಲಿ.

ಎರಡನೆಯದು ಜಾಗ. ಯಾವ ಜೀವಿ ಎಲ್ಲಿ ಇರುತ್ತದೆ ಅನ್ನುವುದು. ಅದಕ್ಕೆ ಆವಾಸ ಅಂತ ಪಠ್ಯದ ಪದ ಇದೆ, ನೆಲೆ ಅಂತ ನಮ್ಮ ಪದ ಇದೆ. ನೆಲೆಯೇ ಒಳ್ಳೆಯದು. ‘ಆ ಹುಳದ ನೆಲೆ ಕಲ್ಲಿನ ಅಡಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ನಿಮ್ಮ ಉಂಡೆಯಾಗುವ ಬೂದು ಹುಳ ಇದೆಯಲ್ಲ, ಅದು ಅಸಲಿಗೆ ಕೀಟವೇ ಅಲ್ಲ. ಸಿಗಡಿ, ಏಡಿಗಳ ನೆಂಟ. ಕಿವಿರಿನಂಥ ಅಂಗದಿಂದ ಉಸಿರಾಡುತ್ತದೆ, ಅದು ಒದ್ದೆಯಾಗಿ ಇರಬೇಕು. ಅದಕ್ಕೇ ಪಸೆ ಇರುವ ಜಾಗ ಬಿಟ್ಟು ಹೋಗುವುದಿಲ್ಲ. ಇದನ್ನು ಮಕ್ಕಳಿಗೆ ಹೇಳಿದರೆ ಪರಿಸರ ಅನ್ನುವ ಪದವೇ ಬೇಡ, ವಿಷಯ ತಾನಾಗೇ ಅರ್ಥವಾಗುತ್ತದೆ.

ಮೂರನೆಯದು ಆ ಜೀವಿಗೆ ಏನು ಗೊತ್ತಾಗುತ್ತದೆ ಅನ್ನುವುದು. ಯಾಕೊಬ್ ಫಾನ್ ಉಕ್ಸ್‌ಕ್ಯುಲ್ ಅನ್ನುವ ಜೀವಶಾಸ್ತ್ರಜ್ಞ 1909ರಲ್ಲಿ ಉಮ್‌ವೆಲ್ಟ್ ಅನ್ನುವ ಜರ್ಮನ್ ಪದಕ್ಕೆ ಈ ಅರ್ಥ ಕಟ್ಟಿದ. ಉಮ್ ಅಂದರೆ ಸುತ್ತ, ವೆಲ್ಟ್ ಅಂದರೆ ಲೋಕ. ಅವನು ಕೊಡುವ ಉದಾಹರಣೆ ಉಣ್ಣಿಯದು, ನಾಯಿಗೆ ದನಕ್ಕೆ ಹತ್ತುತ್ತದಲ್ಲ ಅದೇ. ಅವನು ಹೇಳುವ ಜಾತಿಯ ಉಣ್ಣಿಗೆ ಕಣ್ಣಿಲ್ಲ. ಪ್ರಾಣಿಯ ಚರ್ಮದಿಂದ ಬರುವ ಬ್ಯುಟಿರಿಕ್ ಆಮ್ಲದ ವಾಸನೆ, ಮೈಯ ಬಿಸಿ, ಕೂದಲ ನಡುವೆ ತೆವಳುವಾಗಿನ ಸ್ಪರ್ಶ, ಇಷ್ಟರಲ್ಲೇ ಅದರ ಲೋಕ ಮುಗಿಯಿತು. ಅದು ಕೂತಿರುವ ಪೊದೆಯಲ್ಲಿ ಹೂ ಅರಳಿದರೂ ಹಕ್ಕಿ ಕೂಗಿದರೂ ಉಣ್ಣಿಯ ಮಟ್ಟಿಗೆ ಇಲ್ಲವೇ ಇಲ್ಲ. ಒಂದೇ ಪೊದೆ, ಆದರೆ ಅದರಲ್ಲಿರುವ ಜೇನಿಗೆ ಬೇರೆ ಲೋಕ, ಉಣ್ಣಿಗೆ ಬೇರೆ ಲೋಕ. ನೀವು ‘ಅದರದ್ದೇ ಒಂದು ಲೋಕ’ ಅಂತ ಬರೆದಿರಲ್ಲ, ಉಮ್‌ವೆಲ್ಟ್‌ಗೆ ಇದಕ್ಕಿಂತ ಒಳ್ಳೆ ಕನ್ನಡ ನನಗೆ ಹೊಳೆಯುತ್ತಿಲ್ಲ.

ಇನ್ನೊಂದು ಖುಷಿಯ ವಿಷಯ. ಪರಿಸರ ವಿಜ್ಞಾನದಲ್ಲಿ ನಿಶ್ ಅಂತ ಒಂದು ಪದ ಇದೆ, ಒಂದು ಜೀವಿಗೆ ಒಗ್ಗಿದ ಜಾಗ, ಅಲ್ಲಿ ಅದರ ಪಾತ್ರ ಅನ್ನುವ ಅರ್ಥದಲ್ಲಿ. ಜೋಸೆಫ್ ಗ್ರಿನೆಲ್ 1917ರಲ್ಲಿ ಒಂದು ಹಕ್ಕಿಯ ಬಗ್ಗೆ ಬರೆಯುವಾಗ ಅದನ್ನು ಬಳಸಿದ. ಮೂಲದಲ್ಲಿ ಅದಕ್ಕೆ ಅರ್ಥ ಗೋಡೆಯಲ್ಲಿ ಕೊರೆದು ಮಾಡಿದ ಚಿಕ್ಕ ಜಾಗ, ಅದು ಹುಟ್ಟಿದ್ದು ಫ್ರೆಂಚಿನ ‘ಗೂಡು ಕಟ್ಟು’ ಅನ್ನುವ ಕ್ರಿಯಾಪದದಿಂದ ಅನ್ನುತ್ತಾರೆ. ಕನ್ನಡದಲ್ಲಿ ಗೋಡೆಯಲ್ಲಿ ದೀಪ ಇಡುವ ಜಾಗಕ್ಕೆ ಏನನ್ನುತ್ತೇವೆ? ಗೂಡು! ಹಕ್ಕಿಯ ಮನೆಗೂ ಗೂಡು, ಗೋಡೆಯ ಸಂದಿಗೂ ಗೂಡು. ಫ್ರೆಂಚರಿಗೂ ನಮಗೂ ಒಂದೇ ಹೋಲಿಕೆ ಹೊಳೆದಿದೆ. ಇಷ್ಟಿದ್ದೂ ನಾವು ತರಗತಿಯಲ್ಲಿ ಬಾಯಿಗೆ ಬಾರದ ಉದ್ದುದ್ದ ಪದ ಹೇಳಿ ಮಕ್ಕಳನ್ನು ಹೆದರಿಸುತ್ತೇವೆ, ನಾನೂ ಸೇರಿದಂತೆ.

ಕಲ್ಲೆತ್ತಿ_ನೋಡಿ:

ಮೇಷ್ಟ್ರೇ, ಗೂಡಿನ ವಿಷಯ ಓದಿ ಖುಷಿಯಾಯಿತು. ಸಿಗಡಿಯ ನೆಂಟ ಅನ್ನುವುದನ್ನು ಲೇಖನಕ್ಕೆ ಕದಿಯುತ್ತಿದ್ದೇನೆ, ಬೇಜಾರಿಲ್ಲ ತಾನೆ?

ಆದರೆ ಒಂದು ಅನುಮಾನ. ಹಾಗಾದರೆ ಕನ್ನಡದಲ್ಲಿ ಎಲ್ಲಕ್ಕೂ ಸೇರಿ ಒಂದು ಪದ ಇಲ್ಲ ಅಂತಲಾ? ಇದು ಕೊರತೆ ಅಲ್ವಾ?

ಮಣ್ಣಿನ_ಮಾತು:

ಕೊರತೆ ಯಾಕೆ ಅನ್ನುತ್ತೀರಿ. ಲೆಕ್ಕ ಹಾಕಿ ನೋಡಿ: ಸಂದಿ, ಬಿರುಕು, ಪೊಟರೆ, ಬಿಲ, ಹುತ್ತ, ಗೂಡು, ಪೊದೆ, ಮೆಳೆ, ಮಡು, ಬುಡ, ಅಡಿ. ಇವೆಲ್ಲ ಏನು? ಒಂದೊಂದೂ ಒಂದು ಸಣ್ಣ ಪರಿಸರದ ಹೆಸರು. ಪೊಟರೆ ಅಂದ ಕೂಡಲೇ ಮರದ ಕಾಂಡ, ಒಳಗಿನ ಕತ್ತಲೆ, ಗಿಳಿ ಎಲ್ಲ ಬಂದಾಯಿತು. ಮಡು ಅಂದರೆ ಹೊಳೆಯಲ್ಲಿ ನೀರು ಆಳವಾಗಿ, ನಿಧಾನವಾಗಿ ನಿಂತ ಕಡೆ, ಅಲ್ಲಿಯ ಮೀನು ಬೇರೆ, ಹರಿಯುವ ಕಡೆಯ ಮೀನು ಬೇರೆ. ಹುತ್ತ ಕಟ್ಟುವುದು ಗೆದ್ದಲು, ಬಂದು ಸೇರಿಕೊಳ್ಳುವುದು ಹಾವು, ಅಂದರೆ ಒಂದು ಜೀವಿ ಮಾಡಿದ ಜಾಗ ಇನ್ನೊಂದಕ್ಕೆ ಇಂಬಾಗುವುದು ನಮ್ಮವರಿಗೆ ಮೊದಲಿನಿಂದ ಗೊತ್ತು. ಇಂಬು ಅನ್ನುವುದೂ ಎಷ್ಟು ಒಳ್ಳೆಯ ಪದ ನೋಡಿ, ಜಾಗ ಮತ್ತು ಆಸರೆ ಎರಡೂ ಅದರಲ್ಲಿದೆ. ಈಗ ‘ಇಂಬು ಕೊಡಬಾರದು’ ಅಂತ ಬೈಗುಳದ ಹಾಗೆ ಮಾತ್ರ ಉಳಿದುಕೊಂಡಿದೆ, ಪಾಪ.

ಒಟ್ಟು ಪದ ಇಲ್ಲ ಅಂತ ಅಳುವುದಕ್ಕಿಂತ, ಯಾವ ಜಾಗ ಅಂತ ಹೆಸರು ಹೇಳಿ. ‘ಕಲ್ಲಿನ ಅಡಿಯ ಸೂಕ್ಷ್ಮ ಪರಿಸರದಲ್ಲಿ ಜರಿಗಳು ಕಂಡುಬರುತ್ತವೆ’ ಅನ್ನುವ ವಾಕ್ಯದಲ್ಲಿ ಸೂಕ್ಷ್ಮ ಪರಿಸರ ತೆಗೆದುಹಾಕಿ. ‘ಕಲ್ಲಿನ ಅಡಿಯಲ್ಲಿ ಜರಿ ಇರುತ್ತದೆ.’ ಏನು ಕಡಿಮೆಯಾಯಿತು?

ಹಳೆ_ನಿಘಂಟು:

ಒಪ್ಪಿದೆ, ಆದರೆ ಅರ್ಧ. ಒಂದು ಜಾಗದ ಹೆಸರು ಹೇಳುವಾಗ ನೀವು ಹೇಳಿದ್ದು ಸರಿ. ಆದರೆ ಪೊಟರೆ, ಹುತ್ತ, ಕಲ್ಲಿನ ಅಡಿ ಈ ಮೂರನ್ನೂ ಸೇರಿಸಿ ‘ಇಂಥವೆಲ್ಲ’ ಅಂತ ಹೇಳಬೇಕಾದಾಗ ಏನು ಮಾಡುತ್ತೀರಿ? ಅಲ್ಲಿ ಕಿರುನೆಲೆ, ಕಿರುಪರಿಸರ ಯಾವುದಾದರೂ ಬೇಕೇ ಬೇಕು. ಲೇಖನದಲ್ಲಿ ಅಂಥ ವಾಕ್ಯ ಒಂದು ಸಲವೋ ಎರಡು ಸಲವೋ ಬರುತ್ತದೆ. ಅಲ್ಲಿ ಮಾತ್ರ ಇಟ್ಟುಕೊಳ್ಳಲಿ.

ಮಣ್ಣಿನ_ಮಾತು:

ಸರಿ, ಕಿರುನೆಲೆಗೆ ನನ್ನ ಓಟು.

ಸ್ವರ_ವ್ಯಂಜನ:

ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತೇಬಿಟ್ಟಿರಿ. ನಿಮ್ಮದು ಭ್ರಮೆ ಅಲ್ಲ, ವ್ಯತ್ಯಾಸ ಇದೆ. ಒಂದು ಮರ ಇಟ್ಟುಕೊಳ್ಳೋಣ.

ಮರದ ಸುತ್ತ ಓಡಿದ. ಇಲ್ಲಿ ಒಂದು ಗೆರೆ ಇದೆ, ಅವನು ಆ ಗೆರೆಯ ಮೇಲೆ ಬಳಸಿ ಬಂದ. ಮರದ ಸುತ್ತಲೂ ಬೇಲಿ ಇದೆ. ಇಲ್ಲಿ ‘ಲೂ’ ಬಂದದ್ದರಿಂದ ಯಾವ ಕಡೆಯೂ ಬಾಕಿ ಇಲ್ಲ, ಬೇಲಿಯಲ್ಲಿ ಕಂಡಿ ಇದ್ದರೆ ಸುತ್ತಲೂ ಅನ್ನುವ ಹಾಗಿಲ್ಲ. ಮರದ ಸುತ್ತಮುತ್ತ ಹುಲ್ಲು ಬೆಳೆದಿದೆ. ಇಲ್ಲಿ ಗೆರೆ ಅಳಿಸಿಹೋಯಿತು, ಅಲ್ಲಲ್ಲಿ ಇದ್ದರೂ ಸಾಕು. ಈಗ ‘ಮರದ ಸುತ್ತಮುತ್ತ ಹಗ್ಗ ಕಟ್ಟಿದ’ ಅಂದುನೋಡಿ, ಬಾಯಿಗೇ ಬರುವುದಿಲ್ಲ.

ಅಕ್ಕಪಕ್ಕಕ್ಕೆ ಎರಡು ಮಗ್ಗುಲು ಬೇಕು. ಸಾಲಿನಲ್ಲಿ ನಿಂತವರು, ಬೆಂಚಿನಲ್ಲಿ ಕೂತವರು, ಒಂದೇ ಸಾಲಿನ ಮನೆಗಳು. ಕಲ್ಲಿನ ಅಕ್ಕಪಕ್ಕ ಅಂದರೆ ಅದರ ಎಡಬಲ, ಅಡಿಗೆ ಅದು ಹೊಂದುವುದೇ ಇಲ್ಲ. ನಿಮ್ಮ ಕರಡಿನ ಎಡವಟ್ಟು ಇಲ್ಲೇ ಇರಬೇಕು ಅಂತ ನನ್ನ ಊಹೆ. ಆಸುಪಾಸು ಹಿಂದಿ ಮರಾಠಿ ಕಡೆಯಿಂದ ಬಂದ ಪದ. ಅದು ದೂರವನ್ನು ಅಂದಾಜಿಗೆ ಬಿಡುತ್ತದೆ, ಅದಕ್ಕೇ ಸಂಖ್ಯೆಗೂ ಸಮಯಕ್ಕೂ ಹೊಂದಿಕೊಂಡಿದೆ: ವಯಸ್ಸು ಐವತ್ತರ ಆಸುಪಾಸು, ಎಂಟು ಗಂಟೆಯ ಆಸುಪಾಸು. ಐವತ್ತರ ಸುತ್ತಮುತ್ತ ಅಂದರೆ ಕೆಲವರು ಒಪ್ಪಬಹುದು, ಐವತ್ತರ ಅಕ್ಕಪಕ್ಕ ಅಂದರೆ ನಲವತ್ತೊಂಬತ್ತು, ಐವತ್ತೊಂದು ಅಂತ ನಗೆಯಾಗುತ್ತದೆ.

ನೆರೆಹೊರೆ ನೀವು ಹೇಳಲಿಲ್ಲ, ಆದರೆ ನನಗೆ ಬಹಳ ಇಷ್ಟ. ಇದು ಜಾಗದಿಂದ ಜನಕ್ಕೆ ಜಾರಿದ ಪದ. ಇದರ ಹೊರೆ ತಲೆಯ ಮೇಲಿನ ಹೊರೆ ಅಲ್ಲ, ಹಳಗನ್ನಡದ ಪೊರೆ, ಅಂದರೆ ಪಕ್ಕ, ಸಮೀಪ. (ಪಕ್ಕದ ಮನೆಯವರ ಕಾಟ ಅನುಭವಿಸಿದವರು ನೆರೆ ಅಂದರೆ ಪ್ರವಾಹ, ಹೊರೆ ಅಂದರೆ ಭಾರ ಅಂತಲೇ ಓದಿಕೊಳ್ಳಲಿ, ಅಡ್ಡಿಯಿಲ್ಲ.)

ಪೊರೆ ಹೊರೆಯಾದ ವಿಷಯ ಬಂತಲ್ಲ, ನಮ್ಮ ಭಾಷಾಶಾಸ್ತ್ರದಲ್ಲೂ ಒಂದು ಪರಿಸರ ಇದೆ, ನೀವು ಹೇಳುವುದಕ್ಕಿಂತ ಬಹಳ ಸಣ್ಣದು. ಒಂದು ಅಕ್ಷರದ ಹಿಂದೆ ಮುಂದೆ ಏನಿದೆ ಅನ್ನುವುದೇ ಆ ಅಕ್ಷರದ ಪರಿಸರ. ಹಳಗನ್ನಡದ ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಪುಲಿ ಹುಲಿಯಾಯಿತು. ಆದರೆ ಅಪ್ಪ ಅಪ್ಪನಾಗೇ ಉಳಿದ, ಉಪ್ಪು ಉಪ್ಪಾಗೇ ಉಳಿಯಿತು. ಪದದ ಮೊದಲಲ್ಲಿ ಒಂಟಿಯಾಗಿ ನಿಂತ ಪಕಾರ ಬದಲಾಯಿತು, ಒತ್ತಕ್ಷರದಲ್ಲಿ ಜೋಡಿಯಾಗಿ ನಿಂತದ್ದು ಗಟ್ಟಿಯಾಗಿ ಉಳಿಯಿತು. ಪಕಾರ ಅದೇ, ಅದು ನಿಂತ ಜಾಗ ಬೇರೆ. ನಿಮ್ಮ ಕಲ್ಲಿನ ಅಡಿಯ ಹುಳವನ್ನು ಬಿಸಿಲಿಗಿಟ್ಟರೆ ಏನಾಗುತ್ತದೋ ಹಾಗೆ.

ಕೀಬೋರ್ಡ್_ಕೂಲಿ:

ನಾನು ಸಾಫ್ಟ್‌ವೇರ್ ಕನ್ನಡೀಕರಣದಲ್ಲಿ ಆಗಾಗ ಕೈಯಾಡಿಸುವವನು. ನಮ್ಮಲ್ಲಿ ಎನ್ವಿರಾನ್‌ಮೆಂಟ್ ಅಂದರೆ ಒಂದು ಪ್ರೋಗ್ರಾಂ ಓಡಲು ಬೇಕಾದ ಏರ್ಪಾಡು, ಅದಕ್ಕೂ ಪರಿಸರ ಅಂತ ಹಾಕಿ ಕೈತೊಳೆದುಕೊಳ್ಳುವ ಚಟ ಇದೆ. ‘ಈ ಪರಿಸರವನ್ನು ಅಳಿಸಬೇಕೆ? ಹೌದು / ಇಲ್ಲ’ ಅಂತ ಪರದೆಯ ಮೇಲೆ ಬಂದಿದ್ದು ನಾನೇ ನೋಡಿದ್ದೇನೆ. ಹೌದು ಒತ್ತಲು ಕೈ ನಡುಗಿತು. ಮಾತಿನಲ್ಲಿ ಮಾತ್ರ ಎಲ್ಲರೂ ಎನ್ವಿರಾನ್‌ಮೆಂಟ್ ಅಂತಲೇ ಅನ್ನುವುದು, ಅದರಲ್ಲಿ ತಪ್ಪೇನೂ ಇಲ್ಲ.

ಆಫೀಸಿನ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ‘ಕೆಲಸದ ಪರಿಸರ’ ಅಂತ ಈಗ ಬರೆಯುತ್ತಾರೆ. ಯಾರಾದರೂ ಬಾಯಲ್ಲಿ ಹಾಗೆ ಹೇಳಿದ್ದನ್ನು ಕೇಳಿದ್ದೀರಾ? ‘ಅಲ್ಲಿಯ ವಾತಾವರಣ ಸರಿಯಿಲ್ಲ’ ಅನ್ನುತ್ತಾರೆ, ಅಷ್ಟರಲ್ಲಿ ಎಲ್ಲ ಗೊತ್ತಾಗುತ್ತದೆ. ವಾತಾವರಣ ಅಂದರೆ ಗಾಳಿಯ ಹೊದಿಕೆ, ಆದರೆ ನಾವು ಮನಸ್ಸಿನ ಗಾಳಿಗೆ ಬಳಸುತ್ತೇವೆ: ಬಿಗುವಿನ ವಾತಾವರಣ, ಹಬ್ಬದ ವಾತಾವರಣ. ಶಾಲೆಯ ಆವರಣ ಅಂದರೆ ಕಾಂಪೌಂಡಿನ ಒಳಗೆ, ಶಾಲೆಯ ಸುತ್ತಮುತ್ತ ಅಂದರೆ ಕಾಂಪೌಂಡಿನ ಹೊರಗೆ, ಶಾಲೆಯ ವಾತಾವರಣ ಅಂದರೆ ಅಲ್ಲಿಯ ಜನ. ಮೂರಕ್ಕೂ ಇಂಗ್ಲಿಷಿನಲ್ಲಿ ಎನ್ವಿರಾನ್‌ಮೆಂಟ್ ಅಂತ ಬರೆದರೂ ನಡೆದುಹೋಗುತ್ತದೆ. ಹಾಗಾಗಿ ಕೊರತೆ ಯಾರದ್ದು ಅಂತ ನೀವೇ ಯೋಚಿಸಿ.

ಹಳೆ_ನಿಘಂಟು:

ಇದಕ್ಕೆ ಒಂದು ಬಾಲ. ಕರಾವಳಿ ಕಡೆಯ ಬರಹದಲ್ಲಿ ‘ಶಾಲಾ ವಠಾರ’ ಅಂದರೆ ಶಾಲೆಯ ಆವರಣ. ಬೇರೆ ಕಡೆಯವರಿಗೆ ವಠಾರ ಅಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಸಾಲುಮನೆ, ಒಂದೇ ನಲ್ಲಿ, ದಿನಾ ಜಗಳ. ಎಲ್ಲ ಕಡೆಯ ಮಕ್ಕಳೂ ಓದುವ ಲೇಖನವಾದರೆ ಈ ಪದದಿಂದ ದೂರ ಇರಿ.

ಬಯಾಲಜಿ_ಮೇಷ್ಟ್ರು:

ಸ್ವರ_ವ್ಯಂಜನ ಅವರು ಹೇಳಿದ ಮೇಲೆ ಒಂದು ಹೊಳೆಯಿತು. ಸುತ್ತಮುತ್ತ ಅಂದ ಕೂಡಲೇ ‘ಯಾವುದರ?’ ಅಂತ ಕೇಳಬೇಕಾಗುತ್ತದೆ. ನಡುವೆ ಏನೋ ಒಂದು ಇರಲೇಬೇಕು. ಪರಿಸರ ಅಂದರೆ ಆ ಪ್ರಶ್ನೆ ಯಾರೂ ಕೇಳುವುದಿಲ್ಲ, ನಡುವಿನ ಜೀವಿಯೇ ಮಾಯ. ಫ್ರೆಂಚಿನಲ್ಲಿ ಇದೇ ಅರ್ಥಕ್ಕೆ ಬಳಸುವ ಮಿಲ್ಯು ಅನ್ನುವ ಪದ ಬಿಡಿಸಿದರೆ ‘ನಡುವಿನ ಜಾಗ’ ಅಂತ ಆಗುತ್ತದೆ, ಸುತ್ತಲಿನದ್ದನ್ನು ನಡುವಿನ ಹೆಸರಿನಿಂದ ಕರೆದಿದ್ದಾರೆ. ಮಕ್ಕಳಿಗೆ ಬರೆಯುವಾಗ ಒಂದು ಹುಳವನ್ನು ನಡುವೆ ಕೂರಿಸಿ. ಆಮೇಲೆ ಅದರ ಸುತ್ತ, ಮೇಲೆ, ಕೆಳಗೆ ಏನಿದೆ ಅಂತ ಹೇಳುತ್ತಾ ಹೋಗಿ. ನಾನು ಮುಂದಿನ ವಾರ ತರಗತಿಯಲ್ಲಿ ಹೀಗೇ ಮಾಡಿ ನೋಡುತ್ತೇನೆ.

ಕಲ್ಲೆತ್ತಿ_ನೋಡಿ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಕರಡಿನಲ್ಲಿ ಹುಡುಕಿದೆ, ನಿಜವಾಗಿಯೂ ‘ಕಲ್ಲಿನ ಅಕ್ಕಪಕ್ಕದ ಅಡಿಯಲ್ಲಿ’ ಅಂತ ಬರೆದಿದ್ದೆ, ಯಾವ ನಿದ್ದೆಯಲ್ಲಿ ಬರೆದೆನೋ. ಈಗ ಶುರುವಿನ ಸಾಲು ಹೀಗೆ ಮಾಡಿದ್ದೇನೆ:

‘ಮುಟ್ಟಿದರೆ ಉಂಡೆಯಾಗುವ ಈ ಹುಳ ಕೀಟ ಅಲ್ಲ, ಏಡಿಯ ನೆಂಟ. ಅದಕ್ಕೆ ಉಸಿರಾಡಲು ಪಸೆ ಬೇಕು. ಕಲ್ಲಿನ ಮೇಲೆ ಬಿಸಿಲು. ಕಲ್ಲಿನ ಅಡಿಯಲ್ಲಿ ಕತ್ತಲೆ, ತಂಪು, ಒದ್ದೆ ಮಣ್ಣು. ಹುಳಕ್ಕೆ ಇಷ್ಟೇ ಲೋಕ. ಇಂಥ ಪುಟ್ಟ ಜಾಗಗಳಿಗೆ ಕಿರುನೆಲೆ ಅನ್ನೋಣ. ಮರದ ಪೊಟರೆ ಒಂದು ಕಿರುನೆಲೆ, ಗೋಡೆಯ ಬಿರುಕು ಇನ್ನೊಂದು.’

ಸೂಕ್ಷ್ಮವೂ ಹೋಯಿತು, ಪರಿಸರವೂ ಹೋಯಿತು. ಗೆಳತಿಗೆ ಕಳಿಸಿದ್ದೇನೆ, ಈ ಸಲ ಗಣಿಯ ಬಗ್ಗೆ ಕೇಳಲಿಕ್ಕಿಲ್ಲ.

ಮಣ್ಣಿನ_ಮಾತು:

ಚೆನ್ನಾಗಿದೆ. ಕೊನೆಯಲ್ಲಿ ‘ನೋಡಿ ಆದಮೇಲೆ ಕಲ್ಲನ್ನು ಮೊದಲಿದ್ದ ಹಾಗೆಯೇ ಮೆಲ್ಲಗೆ ಮುಚ್ಚಿಡಿ’ ಅಂತ ಒಂದು ಸಾಲು ಸೇರಿಸಿ. ಮಕ್ಕಳು ಎತ್ತಿ ನೋಡುತ್ತಾರೆ, ಮುಚ್ಚುವುದು ಮರೆತು ಓಡುತ್ತಾರೆ.

ಎರಡೇ_ಮಾತು:

ಕಿರುನೆಲೆ ಓಕೆ. ಆದರೆ ‘ಕಿರು’ ನಂದು.